ಹಳದಿ ಚುಕ್ಕೆಯ ಬೆನ್ನು ಹತ್ತಿದವಳು

ನನ್ನ ನಾದಿನಿಯ ಗಂಟಲು ಎಂಥದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಯಾವುದೂ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ. ಅವಳು ತನ್ನ ತಾರಸಿಯ ಮೇಲೆ ನಿಂತು ಅಣ್ಣನನ್ನು ಕರೆದರೆ ಬೀದಿಯ ತುದಿಯಲ್ಲಿರುವ ಬೇಕರಿಯವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಆ ಅಣ್ಣ ಎಂದರೆ ನನ್ನ ಗಂಡ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ತಾರಸಿಯಲ್ಲಿ ಆ ಗೋಡೆ ಸೊಂಟದೆತ್ತರಕ್ಕೆ ನಿಂತುಹೋಗಿದೆ. ಆಚೆ ಅವಳು ಬಟ್ಟೆ ಒಣಹಾಕುವ ಹಗ್ಗಗಳು, ಈಚೆ ನಮ್ಮವರ ಜೇನುಪೆಟ್ಟಿಗೆಗಳು. ಹೀಗೆ ಮನೆ ಪಾಲು ಮಾಡಿದ ನಮ್ಮ ಮಾವನವರಿಗೆ ಬುದ್ಧಿ ಎಲ್ಲಿ ಹೋಗಿತ್ತು ಎಂದು ನಾನು ಮದುವೆಯಾಗಿ ಬಂದ ಹೊಸದರಲ್ಲೇ ಕೇಳಿದ್ದೆ.

ನಾದಿನಿಯದು ಲಾಂಡ್ರಿ. ಮುಂದಿನ ಕೋಣೆಯಲ್ಲಿ ಕೌಂಟರು, ಅದರ ಹಿಂದೆ ಇಸ್ತ್ರಿ ಮೇಜು, ಇನ್ನೂ ಒಳಗೆ ಹೋದರೆ ನೀರು ಕಾಯುವ ದೊಡ್ಡ ಹಂಡೆ, ಉದ್ದನೆಯ ತೊಟ್ಟಿಗಳು, ಯಾವಾಗ ನೋಡಿದರೂ ಒದ್ದೆಯಾಗಿರುವ ನೆಲ. ಊರಿನ ಆಸ್ಪತ್ರೆಯದು, ಸ್ಟೇಷನ್ ಹತ್ತಿರದ ಹೋಟೆಲಿನದು, ಬಿಳಿ ಬೆಡ್‌ಶೀಟು ಎಂದರೆ ಎಲ್ಲ ಅವಳ ಕೈಗೇ ಬರಬೇಕು. ಬೀದಿಯವರು ಅವಳಿಗಿಟ್ಟ ಹೆಸರು ನೊರೆಯಮ್ಮ. ಮೊಣಕೈವರೆಗೂ ಸದಾ ಸೋಪಿನ ನೊರೆ ಇರುವುದರಿಂದ ಬಂದ ಹೆಸರು ಎಂದು ಅವಳ ಮುಂದೆ ಹೇಳುತ್ತಾರೆ. ಹಿಂದೆ ಹೇಳುವುದು ಬೇರೆ, ಸಿಟ್ಟು ಬಂದಾಗ ಅವಳು ಉಕ್ಕುವ ರೀತಿಗೆ. ಮದುವೆ ಮಾಡಿಕೋ ಎಂದು ಯಾರೋ ಹೇಳಿದಾಗ, ಊರಿನವರ ಬಟ್ಟೆ ಒಗೆದರೆ ಹೊಟ್ಟೆ ತುಂಬುತ್ತದೆ, ಗಂಡನ ಬಟ್ಟೆ ಒಗೆದರೆ ಏನು ತುಂಬುತ್ತದೆ ಎಂದು ಕೇಳಿದ್ದಳಂತೆ. ಹೇಳಿದವರು ಮತ್ತೆ ಆ ವಿಷಯಕ್ಕೆ ಬಂದಿಲ್ಲ.

ಈಗ ಜಗಳದ ವಿಷಯ. ಜೇನುಹುಳಕ್ಕೆ ಮಡಿ ಜಾಸ್ತಿ. ಗೂಡಿನೊಳಗೆ ಹೊಲಸು ಮಾಡುವುದಿಲ್ಲ. ಬೆಳಿಗ್ಗೆ ಹೊರಬಿದ್ದ ಮೇಲೆ ಗಾಳಿಯಲ್ಲೇ ಹಗುರಾಗುತ್ತದೆ. ಅದು ಬೀಳುವುದು ಸಾಸಿವೆ ಕಾಳಿನಷ್ಟು ಹಳದಿ ಚುಕ್ಕೆಯಾಗಿ. ಮಣ್ಣಿನ ಮೇಲೆ ಬಿದ್ದರೆ ಕೇಳುವವರಿಲ್ಲ. ನಮ್ಮ ಮನೆಯ ಜೇನು ಹಾರುವ ದಾರಿಯಲ್ಲಿ ಇರುವುದು ಆಸ್ಪತ್ರೆಯ ಬಿಳಿ ಬೆಡ್‌ಶೀಟು. ಒಗೆದು, ನೀಲಿ ಹಾಕಿ, ಹಿಂಡಿ, ಕೊಡವಿ ಹಗ್ಗಕ್ಕೆ ಹಾಕಿದ ಗಳಿಗೆಯಲ್ಲೇ ಅದರ ಮೇಲೆ ಹಳದಿ ಚುಕ್ಕೆ.

“ಅಣ್ಣಾ, ನಿನ್ನ ಮಕ್ಕಳು ಮತ್ತೆ ನನ್ನ ಬಟ್ಟೆ ಮೇಲೇ ಕೂತು ಎದ್ದಿದಾರೆ ನೋಡು ಬಾ.”

“ನನ್ನ ಮಕ್ಕಳ ದಾರೀಲಿ ಬಟ್ಟೆ ಒಣಗಿಹಾಕು ಅಂತ ನಿನಗ್ಯಾರು ಹೇಳಿದ್ರು?”

ಇದು ನಮ್ಮ ಮನೆಯ ಬೆಳಗು. ಬೇರೆಯವರ ಮನೆಯಲ್ಲಿ ರೇಡಿಯೋ ಹಾಕುತ್ತಾರೆ, ನಮಗೆ ಅದರ ಅಗತ್ಯ ಬೀಳಲಿಲ್ಲ. ಅವಳು ಇವರ ವಂಶದ ಸೋಮಾರಿತನವನ್ನೆಲ್ಲ ಎತ್ತಿ ಆಡುತ್ತಿದ್ದಳು, ಅದು ತನ್ನ ವಂಶವೂ ಹೌದು ಎಂಬುದನ್ನು ಮರೆತು. ಇವರು ಒಂದೊಂದಕ್ಕೂ ತಿರುಗಿ ಕೊಟ್ಟು, ನಗುತ್ತಾ ಕೆಳಗಿಳಿದು ಬರುತ್ತಿದ್ದರು. ಬೈಸಿಕೊಂಡ ದಿನ ಇವರಿಗೆ ಹಸಿವು ಜಾಸ್ತಿ.

ಇನ್ನೊಂದು ಜಗಳ ವರ್ಷಕ್ಕೊಮ್ಮೆ ಬರುತ್ತಿತ್ತು. ಗೂಡಿನಲ್ಲಿ ಹುಳ ತುಂಬಿ ತುಳುಕಿದಾಗ ಹಳೆಯ ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಹೊರಬೀಳುತ್ತಾಳೆ. ಜೇನಿನವರು ಅದಕ್ಕೆ ಪಾಲಾಗುವುದು ಎನ್ನುತ್ತಾರೆ. ಆ ಗುಂಪು ಎಲ್ಲೋ ಒಂದು ಕೊಂಬೆಗೆ ಗೊಂಚಲಾಗಿ ಜೋತುಬೀಳುತ್ತದೆ. ಅದನ್ನು ಪೆಟ್ಟಿಗೆಗೆ ಹತ್ತಿಸಬೇಕಾದರೆ ಪೆಟ್ಟಿಗೆಯ ಬಾಗಿಲಿನ ಮುಂದೆ ಒಂದು ಬಿಳಿ ಬಟ್ಟೆ ಹಾಸಿ, ಗುಂಪನ್ನು ಅದರ ಮೇಲೆ ಕೊಡವಬೇಕು. ಬಟ್ಟೆಯ ಮೇಲೆ ಬಿದ್ದ ಹುಳ ಮೆಲ್ಲಗೆ ಏರು ಹತ್ತಿ ತಾನಾಗಿ ಒಳಗೆ ನಡೆಯುತ್ತದೆ. ಬಿಳಿ ಇದ್ದರೆ ನಡುವೆ ರಾಣಿ ಎಲ್ಲಿದ್ದಾಳೆ ಎಂದೂ ಕಾಣುತ್ತದೆ. ಪ್ರತಿ ವರ್ಷ ಇವರು ತಂಗಿಯ ಹತ್ತಿರ ಒಂದು ಹಳೆಯ ಶೀಟು ಕೇಳುವುದು, ಅವಳು ತನ್ನ ಲಾಂಡ್ರಿಯ ಬಟ್ಟೆ, ಹರಿದ ಚಿಂದಿಯಾದರೂ ಸರಿ, ಆ ಹುಳಗಳ ಕಾಲಿಗೆ ಹಾಕುವುದಿಲ್ಲ ಎನ್ನುವುದು. ಕೊನೆಗೆ ಹೋದದ್ದು ಯಾವುದು? ನನ್ನ ಮದುವೆಗೆ ಬಂದ ಹೊದಿಕೆ. ಆ ಹೊದಿಕೆಯ ಸುದ್ದಿ ಈಗ ಬೇಡ, ನನ್ನ ರಕ್ತ ಕುದಿಯುತ್ತದೆ.

ಆಮೇಲೆ ಪೆಟ್ಟಿಗೆಗಳು ಖಾಲಿಯಾಗತೊಡಗಿದವು. ಮೊದಲು ಮೂಲೆಯದು, ಆಮೇಲೆ ಅದರ ಪಕ್ಕದ್ದು. ಇವರು ಮುಚ್ಚಳ ತೆಗೆದು ನೋಡಿದರೆ ಜೇನುತುಪ್ಪ ಇದ್ದ ಹಾಗೇ ಇದೆ, ಮರಿ ಇದ್ದ ಹಾಗೇ ಇದೆ, ರಾಣಿ ನಾಲ್ಕಾರು ಹುಳಗಳ ಜೊತೆ ದಿಕ್ಕು ತೋಚದೆ ಓಡಾಡುತ್ತಿದ್ದಾಳೆ, ಉಳಿದವು ಇಲ್ಲ. ಸತ್ತು ಬಿದ್ದಿದ್ದರೆ ಸತ್ತವು ಎನ್ನಬಹುದಿತ್ತು. ಬಡಿಸಿಟ್ಟ ಊಟ ಬಿಟ್ಟು ಮನೆಮಂದಿಯೆಲ್ಲ ಎದ್ದುಹೋದ ಹಾಗಿತ್ತು. ಹಣ್ಣಿನ ತೋಟದವರು ಫೋನು ಮಾಡಿ, ಹೂವು ಬಿಟ್ಟಿದೆ, ಕಾಯಿ ಕಟ್ಟಬೇಕಲ್ಲ, ಪೆಟ್ಟಿಗೆ ಯಾವಾಗ ತರುತ್ತೀರಿ ಎಂದು ಕೇಳಿದರು. ಇವರು ಬೇರೆ ಜೇನಿನವರನ್ನು ವಿಚಾರಿಸಿದರು. ಅವರದೂ ಇದೇ ಕಥೆ. ಪೇಪರಿನಲ್ಲಿ ಬಂತು, ರೇಡಿಯೋದಲ್ಲಿ ಬಂತು, ಸಮುದ್ರದ ಆಚೆಗೂ ಹೀಗೆಯೇ ಅಂತೆ. ತೋಟಕ್ಕೆ ಹೊಡೆಯುವ ಔಷಧಿ ಎಂದರು, ಹುಳದ ಮೈಗೆ ಹತ್ತುವ ನುಸಿ ಎಂದರು, ಬಿಸಿಲು ಜಾಸ್ತಿಯಾಯಿತು ಎಂದರು, ಬಯಲಲ್ಲಿ ಹೂವೇ ಉಳಿದಿಲ್ಲ ಎಂದರು. ಎಲ್ಲರ ಹತ್ತಿರವೂ ಕಾರಣ ಇತ್ತು, ಯಾರ ಹತ್ತಿರವೂ ಜೇನು ಇರಲಿಲ್ಲ.

ನನಗೆ ಅದರ ಬಿಸಿ ತಟ್ಟಿದ್ದು ನನ್ನ ಕುಂಬಳಬಳ್ಳಿಯಿಂದ. ತಾರಸಿಯ ಡ್ರಮ್ಮಿನಲ್ಲಿ ಹಾಕಿದ ಬಳ್ಳಿ, ಹೂವಿಗೇನೂ ಬರವಿಲ್ಲ, ಆದರೆ ಪಿಂದೆ ಎಲ್ಲ ಹಳದಿ ತಿರುಗಿ ಉದುರುತ್ತಿತ್ತು. ಕೊನೆಗೆ ಒಂದು ಪೇಂಟಿನ ಬ್ರಷ್ ಹಿಡಿದು ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರುತ್ತಾ ನಿಂತೆ. ಈ ವಯಸ್ಸಿನಲ್ಲಿ ನನಗೆ ಮದುವೆ ದಲ್ಲಾಳಿ ಕೆಲಸ. ಒಂದು ಬಳ್ಳಿಗೇ ಸೊಂಟ ಹಿಡಿದುಕೊಂಡಿತು. ಲೋಕದ ತೋಟಗಳಿಗೆಲ್ಲ ಯಾರು ಬ್ರಷ್ ಹಿಡಿದು ನಿಲ್ಲುತ್ತಾರೆ ಎಂದು ಆಗ ಯೋಚನೆ ಬಂತು. ಅದುವರೆಗೆ ಜೇನು ಎಂದರೆ ನನ್ನ ಗಂಡನ ಹುಚ್ಚು ಎಂದುಕೊಂಡಿದ್ದೆ.

ಕಡೆಯ ಪೆಟ್ಟಿಗೆಯೂ ಖಾಲಿಯಾದ ಮೇಲೆ ಇವರು ಮಾತು ನಿಲ್ಲಿಸಿದರು. ಸಿಟ್ಟಿಲ್ಲ, ಅಳುವಿಲ್ಲ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುವುದು, ಊಟಕ್ಕೆ ಕರೆದರೆ ಬರುವುದು, ಮತ್ತೆ ಕೂರುವುದು. ಆಚೆ ನಾದಿನಿಯ ಶೀಟುಗಳು ಒಂದು ಚುಕ್ಕೆ ಇಲ್ಲದೆ ಬೆಳ್ಳಗೆ ಹಾರಾಡುತ್ತಿದ್ದವು. ಜೀವಮಾನವೆಲ್ಲ ಅವಳು ಬೇಡಿಕೊಂಡದ್ದು ಅದನ್ನೇ. ಸಿಕ್ಕಿದ ಮೇಲೆ ಅವಳ ಮುಖ ನೋಡಬೇಕಿತ್ತು, ಹೆತ್ತ ಮಗು ಶಾಲೆಗೆ ಹೋಗಿ ಬರಲಿಲ್ಲವೇನೋ ಎನ್ನುವ ಹಾಗೆ ಹಗ್ಗದ ಉದ್ದಕ್ಕೂ ಹುಡುಕುತ್ತಿದ್ದಳು.

ಅಣ್ಣನ ಬಾಯಿ ಬಿಡಿಸಬೇಕೆಂದು ಅವಳು ಒಂದು ಉಪಾಯ ಮಾಡಿದಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು, ಅದೇ ತೊಂದರೆ. ಅರಿಶಿನ ಕಲಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತನ್ನದೇ ಒಂದು ಶೀಟಿನ ಮೇಲೆ ಚುಕ್ಕೆ ಹಾರಿಸಿ, ತಾರಸಿಗೆ ಹೋಗಿ ಹಳೆಯ ಗಂಟಲಿನಲ್ಲಿ ಕೂಗಿದಳು. ಅಣ್ಣಾ, ನಿನ್ನ ಮಕ್ಕಳು. ನಾನು ಅಡುಗೆಮನೆಯಲ್ಲಿದ್ದೆ. ಇವರು ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಮಗುಚಿಬಿತ್ತು. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದರು. ಹಿಂದೆಯೇ ನಾನೂ ಓಡಿದೆ. ಗೋಡೆಯಿಂದ ಬಾಗಿ, ಚುಕ್ಕೆಯನ್ನು ಬೆರಳಲ್ಲಿ ಒರೆಸಿ ಮೂಸಿದರು.

“ಅರಿಶಿನ,” ಎಂದರು. ಅಷ್ಟೇ. ಕೆಳಗೆ ಇಳಿದು ಹೋದರು.

ಅವತ್ತಿನಿಂದ ತಾರಸಿಯ ಬಾಗಿಲಿಗೂ ಇವರು ಹೋಗಲಿಲ್ಲ. ಬಡಗಿಗೆ ಹೇಳಿಕಳಿಸಿ, ಪೆಟ್ಟಿಗೆಗಳನ್ನೆಲ್ಲ ಭಾನುವಾರ ಒಯ್ದುಬಿಡು, ಒಡೆದು ಏನು ಬೇಕಾದರೂ ಮಾಡಿಕೋ ಎಂದರು. ನಾದಿನಿ ನನ್ನ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತು, ಅತ್ತಿಗೆ, ನನ್ನ ಕೈ ಕತ್ತರಿಸಿ ಹಾಕಬೇಕು ಎಂದಳು. ಹೌದು ಎಂದೆ ನಾನು. ಸಮಾಧಾನ ಹೇಳುವ ಮನಸ್ಸು ಬರಲಿಲ್ಲ. ಪೆಟ್ಟಿಗೆ ಹೋದರೆ ಆ ಮನುಷ್ಯನೂ ಹೋದ ಹಾಗೆಯೇ ಎಂದು ಇಬ್ಬರಿಗೂ ಗೊತ್ತಿತ್ತು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅವಳು ನಮ್ಮ ಹಿತ್ತಲ ಬಾಗಿಲನ್ನು ಒದ್ದುಕೊಂಡೇ ಒಳಗೆ ಬಂದಳು. ಕೈಯಲ್ಲಿ ಒಂದು ಒದ್ದೆ ಶೀಟು, ಕಣ್ಣಲ್ಲಿ ಬೆಂಕಿ.

“ಅತ್ತಿಗೆ, ನಾನು ಮಾಡಿದ್ದು ಸಾಲಲಿಲ್ಲ ಅಂತ ನೀವೂ ಶುರು ಮಾಡಿದ್ರಾ?”

ಶೀಟಿನ ಮೇಲೆ ಒಂದು ಹಳದಿ ಚುಕ್ಕೆ ಇತ್ತು. ನಾನಲ್ಲ ಎಂದೆ. ನೀವಲ್ಲದೆ ಇನ್ಯಾರು ಎಂದಳು. ಮೈ ಉರಿದುಹೋಯಿತು. ನಿನ್ನ ತಲೆಯಲ್ಲಿ ಹುಟ್ಟಿದ ಪೆದ್ದುತನ ನನ್ನ ತಲೆಯಲ್ಲಿ ಯಾಕೆ ಹುಟ್ಟುತ್ತದೆ ಎಂದು ಶೀಟು ಕಿತ್ತುಕೊಂಡು, ಪಾತ್ರೆ ತೊಳೆಯುವ ಕಟ್ಟೆಯ ಮೇಲಿದ್ದ ಸೋಪು ತೆಗೆದು ಚುಕ್ಕೆಗೆ ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ರಕ್ತದ ಹಾಗೆ ಕೆಂಪಾಗುತ್ತದೆ, ಬಟ್ಟೆ ಒಗೆಯುವ ಯಾರಿಗಾದರೂ ಗೊತ್ತು. ಕೆಂಪಾಗಲಿ, ಇವಳ ಮುಖಕ್ಕೆ ಹಿಡಿದು, ಇದು ನಿನ್ನದೇ ಹಳೆಯ ಕಲೆ ಎನ್ನೋಣ ಎಂದುಕೊಂಡಿದ್ದೆ.

ಕೆಂಪಾಗಲಿಲ್ಲ. ಇನ್ನಷ್ಟು ಉಜ್ಜಿದೆ. ಹಳದಿಯಾಗಿಯೇ ಹರಡಿತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳಿಗೆ ಕೂಗು ಹೊರಡಲಿಲ್ಲ, ಅದೊಂದು ಪವಾಡ. ನನ್ನ ಕೈ ಹಿಡಿದುಕೊಂಡಳು. ನಡುವೆ ಸೋಪು ಜಾರಿ ಬಿತ್ತು.

ಇವರ ಮುಂದೆ ಶೀಟು ಹಿಡಿದೆವು. ಸೋಪು ಉಜ್ಜಿ ತೋರಿಸಿದೆವು. ಇವರು ನೋಡಿದರು, ಮೂಸಿದರು. ಒಂದು ಕ್ಷಣ ಕಣ್ಣು ಅಲುಗಿತು. ಆಮೇಲೆ, ಯಾವುದೋ ಒಂದು ಹುಳ ಗುಂಪು ತಪ್ಪಿ ಬಂದಿರುತ್ತೆ, ಪಾಪ, ಸಂಜೆಯೊಳಗೆ ಅದೂ ಸಾಯುತ್ತೆ ಎಂದು ಕಿಟಕಿಗೆ ಮುಖ ತಿರುಗಿಸಿದರು. ಒಂದು ಹುಳದಿಂದ ಸಂಸಾರ ಆಗುವುದಿಲ್ಲ ಎಂದರು. ಹೊರಗೆ ಬಂದ ನಾದಿನಿ ಮೊಣಕೈ ಮೇಲಿನ ನೊರೆ ಒರೆಸಿಕೊಂಡು ಹೇಳಿದಳು: “ಗೂಡು ಎಲ್ಲೋ ಇದೆ ಅತ್ತಿಗೆ. ನಾನು ಹುಡುಕ್ತೀನಿ. ಭಾನುವಾರದೊಳಗೆ ಹುಡುಕ್ತೀನಿ.”

ಹೇಗೆ ಹುಡುಕುತ್ತೀ, ಹುಳದ ಬಾಲಕ್ಕೆ ದಾರ ಕಟ್ಟುತ್ತೀಯಾ ಎಂದೆ. ಅವಳು ಶೀಟು ಬಿಡಿಸಿ ಬೆಳಕಿಗೆ ಹಿಡಿದಳು. ನಾನು ಉಜ್ಜಿ ಹಾಳು ಮಾಡಿದ್ದು ಬಿಟ್ಟು ಇನ್ನೊಂದು ಚಿಕ್ಕ ಚುಕ್ಕೆ ಅಂಚಿನಲ್ಲಿತ್ತು. ಅದಕ್ಕೊಂದು ಸಣ್ಣ ಬಾಲ. ಹಾರುತ್ತಾ ಬಿಟ್ಟ ಹನಿ ನೇರ ಬೀಳುವುದಿಲ್ಲ, ಹೋಗುವ ದಿಕ್ಕಿಗೆ ಎಳೆದುಕೊಳ್ಳುತ್ತದೆ. ಇಷ್ಟು ವರ್ಷ ಬೈಯುತ್ತಾ ಉಜ್ಜಿದ್ದು ಸುಮ್ಮನೆ ಹೋಗಿರಲಿಲ್ಲ. ಯಾವ ಚುಕ್ಕೆ ಯಾವ ಕಡೆಯಿಂದ ಬಂದದ್ದು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಗೂಡಿನಿಂದ ಹೊರಟ ಹುಳ ಬಹಳ ದೂರ ತಡೆದುಕೊಳ್ಳುವುದಿಲ್ಲ, ಹಾಗಾಗಿ ಗೂಡು ಹತ್ತಿರವಾದಷ್ಟೂ ಚುಕ್ಕೆ ಜಾಸ್ತಿ. ಶೀಟು ಹಾಕುತ್ತಾ ಹೋಗುವುದು, ಚುಕ್ಕೆ ಎಲ್ಲಿ ಹೆಚ್ಚುತ್ತದೋ ಅತ್ತ ನಡೆಯುವುದು. ಕೇಳಿದ ಕೂಡಲೇ ನನಗೆ ನಗು ಬಂತು, ಆಮೇಲೆ ನಾನೇ ಬುಟ್ಟಿ ಎತ್ತಿಕೊಂಡೆ.

ಮೊದಲು ಬೇಕರಿಯವನ ತಾರಸಿ. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿದ್ದು ನಾನು. ಅವಳು ಮುಂದೆ ಹೋಗಿ ಅಪ್ಪಣೆ ಕೇಳುತ್ತಿದ್ದಳು, ಅಂದರೆ ಹಗ್ಗ ಕಟ್ಟಿ ಮುಗಿಸಿ ಆಮೇಲೆ ಹೇಳುತ್ತಿದ್ದಳು. ಬೇಕರಿಯವನು, ನಿಮ್ಮ ತಾರಸಿಗೆ ಏನಾಯಿತು ಎಂದು ಕೇಳಿದ. ನಿಮ್ಮದರಲ್ಲಿ ಬಿಸಿಲು ಚೆನ್ನಾಗಿದೆ ಎಂದಳು. ಅದು ಹೊಗೆ ಕೊಳವೆಯ ತಾರಸಿ, ಶೀಟೆಲ್ಲ ಸುಟ್ಟ ಬ್ರೆಡ್ಡಿನ ವಾಸನೆ ಹಿಡಿಯಿತು. ಆದರೆ ಮಾರನೆಯ ಬೆಳಿಗ್ಗೆ ಅದರ ಮೇಲೆ ನಮ್ಮದಕ್ಕಿಂತ ಹೆಚ್ಚು ಚುಕ್ಕೆ ಇತ್ತು. ಬಾಲಗಳೆಲ್ಲ ನಮ್ಮ ಮನೆಯತ್ತ. ಹಾಗಾದರೆ ಬರುತ್ತಿರುವುದು ಎದುರು ದಿಕ್ಕಿನಿಂದ. ಅವಳು ಶೀಟಿನ ಮೇಲೆ ಮೂಗು ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತು, ಅತ್ತಿಗೆ, ಮುಂದಕ್ಕೆ ಎಂದಳು.

ಆಮೇಲೆ ಟೈಲರನ ಅಂಗಡಿ ಮೇಲೆ, ಅಲ್ಲಿಂದ ಸೈಕಲ್ ರಿಪೇರಿಯವನ ಶೆಡ್ಡಿನ ತಗಡಿನ ಮೇಲೆ. ಬೀದಿಗೆ ಸುದ್ದಿ ಹಬ್ಬಿತು. ಮೊದಲು ನಕ್ಕರು, ನೊರೆಯಮ್ಮನಿಗೆ ಬಿಸಿಲು ತಲೆಗೆ ಹೊಡೆದಿದೆ ಎಂದರು. ಆಮೇಲೆ ಟೈಲರನ ಹೆಂಡತಿ ತಾನೇ ಮನೆಯ ಬಿಳಿ ಮೇಜುಹಾಸು ತಂದು ಕಟ್ಟಿ, ನಮ್ಮಲ್ಲೂ ಬಿದ್ದಿದೆ ಎಂದು ಬೀದಿಯ ಮಧ್ಯೆ ನಿಂತು ಕೂಗಿದಳು. ಹಕ್ಕಿಯ ಹಿಕ್ಕೆಯನ್ನು ತೋರಿಸಿದವರೂ ಇದ್ದರು. ನಾದಿನಿ ಅವರಿಗೆ ಮಾಡಿದ ಪಾಠ ಬರೆಯುವ ಹಾಗಿಲ್ಲ. ಆ ದಿನಗಳಲ್ಲಿ ಲಾಂಡ್ರಿಯ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಹೋಟೆಲಿನ ಮ್ಯಾನೇಜರು ಮೂರು ಸಲ ಆಳು ಕಳಿಸಿದ. ನನ್ನ ಸೊಂಟ ಇತ್ತೋ ಇಲ್ಲವೋ ಗೊತ್ತಿಲ್ಲ, ನನಗೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಸೈಕಲ್ ಶೆಡ್ಡಿನ ಆಚೆ ಇರುವುದು ಹಳೆಯ ಸಿನಿಮಾ ಟಾಕೀಸು. ಮುಚ್ಚಿ ಎಷ್ಟೋ ಕಾಲವಾಗಿದೆ. ಟಿಕೆಟ್ ಕೊಡುವ ಕಿಂಡಿಗೆ ಹಲಗೆ ಹೊಡೆದಿದ್ದಾರೆ. ಕಾವಲುಗಾರನಿಗೆ ಎರಡು ಅಂಗಿ ಪುಕ್ಕಟೆ ಇಸ್ತ್ರಿ ಮಾಡಿಕೊಡುವ ಮಾತು ಕೊಟ್ಟು ಹಿಂದಿನ ಅಂಗಳದಲ್ಲಿ ಶನಿವಾರ ನಸುಕಿಗೆ ಶೀಟು ಕಟ್ಟಿದೆವು. ಬಿಸಿಲು ಏರಿದ ಮೇಲೆ ಹೋಗಿ ನೋಡಿದರೆ ನಾನು ನನ್ನ ಕಣ್ಣನ್ನೇ ನಂಬಲಿಲ್ಲ. ಶೀಟು ಪೂರ್ತಿ ಹಳದಿ ಚುಕ್ಕೆ. ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು. ನಾದಿನಿ ಜೀವನದಲ್ಲೇ ಇಷ್ಟು ಕೊಳೆಯಾದ ಶೀಟನ್ನು ಇಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಅವಳು ನಿಧಾನಕ್ಕೆ ತಲೆ ಎತ್ತಿದಳು. ಮೇಲೆ, ಸಿನಿಮಾ ತೋರಿಸುತ್ತಿದ್ದ ಕೋಣೆಯ ಗೋಡೆಯಲ್ಲಿ, ಒಂದು ಇಟ್ಟಿಗೆ ಬಿದ್ದ ಜಾಗದಲ್ಲಿ, ಒಳಗೂ ಹೊರಗೂ ಹರಿಯುತ್ತಿದ್ದ ಜೇನು. ಸದ್ದು ಕೇಳಿಸಿತು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು ಎಂದರೆ ನನಗೆ ಅಳು ಬಂದುಬಿಟ್ಟಿತು.

ಅವಳು ಅಳಲಿಲ್ಲ. ಶೀಟನ್ನು ಹಗ್ಗದಿಂದ ಕಿತ್ತು ಕಂಕುಳಲ್ಲಿ ಇರುಕಿಕೊಂಡು ಓಡಿದಳು. ಆ ಮೈಕಟ್ಟಿನ ಹೆಂಗಸು ಹಾಗೆ ಓಡುವುದನ್ನು ಬೀದಿ ಎಂದೂ ಕಂಡಿರಲಿಲ್ಲ. ನಾನು ಏದುಸಿರು ಬಿಡುತ್ತಾ ಮನೆ ಮುಟ್ಟುವಷ್ಟರಲ್ಲಿ ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅಣ್ಣನ ತಲೆಯ ಮೇಲೆ ಶೀಟನ್ನು ಪೂರ್ತಿ ಹೊದಿಸಿ ನಿಂತಿದ್ದಳು.

“ಇದನ್ನೂ ಒಂದು ಹುಳ ಮಾಡಿತು ಅನ್ನು ನೋಡೋಣ.”

ಶೀಟಿನೊಳಗಿಂದ ಇವರ ಕೈ ಹೊರಗೆ ಬಂತು. ಶೀಟಿನ ಅಂಚು ಹಿಡಿದು ಮೆಲ್ಲಗೆ ಎಳೆದರು, ಒಂದೊಂದೇ ಚುಕ್ಕೆಯನ್ನು ಬೆರಳಲ್ಲಿ ಮುಟ್ಟಿದರು, ಮೂಸಿದರು, ಮತ್ತೆ ಮೂಸಿದರು. ಎಲ್ಲಿ ಎಂದು ಕೇಳಿದರು. ಟಾಕೀಸು ಎಂದಳು. ಆ ಮನುಷ್ಯ ಚಪ್ಪಲಿ ಕೂಡ ಮೆಟ್ಟದೆ, ಕೆದರಿದ ತಲೆಯಲ್ಲೇ ಬೀದಿಗಿಳಿದರು.

ಟಾಕೀಸಿನ ಗೋಡೆಗೆ ಏಣಿ ಹಾಕಿಸಿ, ಹತ್ತಿ, ಇಟ್ಟಿಗೆಗೆ ಕಿವಿ ಕೊಟ್ಟು ಬಹಳ ಹೊತ್ತು ನಿಂತರು. ಕೆಳಗೆ ನಾವೆಲ್ಲ ಕತ್ತು ಮೇಲೆತ್ತಿ ನಿಂತಿದ್ದೆವು, ಬೇಕರಿಯವನು, ಟೈಲರ್ ದಂಪತಿ, ಕಾವಲುಗಾರ, ಎಲ್ಲರೂ. ಇಳಿದು ಬಂದವರ ಮುಖದಲ್ಲಿ ರಕ್ತ ತಿರುಗಿತ್ತು. ಗೋಡೆ ಒಡೆದು ಗೂಡು ತೆಗೆಯುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಇವರು ಬೇಡವೆಂದರು. ನಾನು ಸಾಕಿದವೆಲ್ಲ ಹೋದವು, ಯಾರೂ ಸಾಕದೆ ಇದ್ದದ್ದು ಇದೊಂದು ಉಳಿದಿದೆ, ಯಾಕೆ ಉಳಿಯಿತು ಎಂದು ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಕೈ ಹಾಕುವುದಿಲ್ಲ ಎಂದರು. ಆದರೆ ಒಳಗೆ ಜಾಗ ಸಾಲದೆ ತುಂಬಿಹೋಗಿದೆ, ಸದ್ಯದಲ್ಲೇ ಪಾಲಾಗುತ್ತದೆ. ಆಗ ಹೊರಬಿದ್ದ ಪಾಲು ನಮ್ಮ ಪೆಟ್ಟಿಗೆಗೆ ಬಂದರೆ ಬಂತು. ಬರದಿದ್ದರೆ ಅದರ ಇಷ್ಟ.

ಭಾನುವಾರ ಬಡಗಿ ಗಾಡಿ ತಂದ. ಒಂದು ಪೆಟ್ಟಿಗೆ ಗಾಡಿಗೆ ಏರಿಯೂ ಆಗಿತ್ತು. ಇವರು ಹೋಗಿ ಅದನ್ನು ಇಳಿಸಿ, ಒಡೆಯುವುದು ಬೇಡ, ಇದರ ಬಾಗಿಲು ಸಡಿಲವಾಗಿದೆ, ಸರಿ ಮಾಡಿಕೊಡು ಎಂದರು. ಬಡಗಿ, ಇದೇನು ಸ್ವಾಮಿ, ಒಡೆಯೋಕೆ ಕರೆದು ಕಟ್ಟೋಕೆ ಹೇಳ್ತೀರಿ ಎಂದು ಗೊಣಗಿದ. ನಾದಿನಿ ಗೋಡೆಯ ಆಚೆಯಿಂದ, ಹೇಳಿದಷ್ಟು ಮಾಡಯ್ಯ ಎಂದಳು. ಅವನು ಮಾಡಿದ.

ಇನ್ನು ಕಾಯುವುದು. ಇವರು ಬೆಳಗಾದರೆ ಆ ಪೆಟ್ಟಿಗೆ ಒಯ್ದು ಟಾಕೀಸಿನ ಅಂಗಳದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದರು. ಒಂದು ಕಡೆ ಖುಷಿ, ಇನ್ನೊಂದು ಕಡೆ ನನಗೆ ಭಯ. ಇವೂ ಒಂದು ಬೆಳಿಗ್ಗೆ ಎದ್ದುಹೋಗಿದ್ದರೆ? ಪೇಪರಿನಲ್ಲಿ ಬರುತ್ತಿದ್ದ ಸುದ್ದಿ ಒಂದೂ ಒಳ್ಳೆಯದಿರಲಿಲ್ಲ. ಇನ್ನೊಂದು ಸಲ ಆ ಕುರ್ಚಿಗೆ ಹೋಗಿ ಕೂತರೆ ಈ ಮನುಷ್ಯ ಏಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದು ನಡೆದದ್ದು ನಡುಮಧ್ಯಾಹ್ನ. ನಾದಿನಿ ಹೋಟೆಲಿಗೆ ಕೊಡಬೇಕಾದ ಇಸ್ತ್ರಿ ಗಂಟನ್ನು ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಟಾಕೀಸಿನ ಮುಂದೆ ಹೋಗುತ್ತಿದ್ದಳು. ಇವರಿಗೆ ಊಟದ ಡಬ್ಬಿ ಕೊಡಲು ನಾನು ಜೊತೆಗಿದ್ದೆ. ಮೊದಲು ಸದ್ದು ಬಂತು. ಗೋಡೆಯ ತೂತಿನಿಂದ ಜೇನು ಸುರಿಯತೊಡಗಿತು, ಸುರಿದು ಆಕಾಶವೆಲ್ಲ ಕಪ್ಪಾಗಿ ಸುತ್ತತೊಡಗಿತು. ಬಸ್‌ಸ್ಟಾಪಿನಲ್ಲಿದ್ದವರು ಚೀಲ ಬಿಟ್ಟು ಓಡಿದರು. ಗುಂಪು ರಸ್ತೆ ದಾಟಿ, ಬಸ್‌ಸ್ಟಾಪಿನ ಮರದ ತಗ್ಗಿದ ಕೊಂಬೆಗೆ ಬಂದು, ನೋಡನೋಡುತ್ತಿದ್ದಂತೆ ಗೊಂಚಲು ಕಟ್ಟಿತು. ಇವರು ಅಂಗಳದಿಂದ ಪೆಟ್ಟಿಗೆ ಹೊತ್ತುಕೊಂಡೇ ಓಡಿ ಬಂದರು. ಮರದಡಿ ಇಟ್ಟು, ಬಾಗಿಲು ತೆರೆದು, ಸುತ್ತ ನೋಡಿದರು.

“ಬಟ್ಟೆ. ಬಿಳಿ ಬಟ್ಟೆ ಬೇಕು. ಬೇಗ, ಇವು ಬಹಳ ಹೊತ್ತು ನಿಲ್ಲಲ್ಲ.”

ತಂಗಿಯನ್ನು ಕೇಳಲಿಲ್ಲ. ಅಷ್ಟು ವರ್ಷದ ಅಭ್ಯಾಸ, ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿ ಇದ್ದದ್ದು ಊಟದ ಡಬ್ಬಿ. ಬೆಳಿಗ್ಗೆ ಪೆಟ್ಟಿಗೆ ಒಯ್ದವರು ಹೊದಿಕೆಯನ್ನು ಮನೆಯಲ್ಲೇ ಮರೆತು ಬಂದಿದ್ದರು. ಓಡಿ ಹೋಗಿ ಬರುವಷ್ಟರಲ್ಲಿ ಗುಂಪು ಹಾರಿಹೋದರೆ? ನನ್ನ ಕಾಲು ಎರಡೂ ಕಡೆ ಎಳೆಯಿತು.

ನಾದಿನಿ ತಳ್ಳುಗಾಡಿಯ ಹಗ್ಗ ಬಿಚ್ಚಿದಳು. ಹೋಟೆಲಿನ ಶೀಟುಗಳು, ಅವಳ ಕೈಯ ಕೆಲಸದಲ್ಲೇ ಅತ್ಯಂತ ನಾಜೂಕಿನವು, ಒಂದು ಸುಕ್ಕಿದ್ದರೆ ಮ್ಯಾನೇಜರು ವಾಪಸು ಕಳಿಸುವಂಥವು. ಗಿರಾಕಿಯ ಇಸ್ತ್ರಿಯಾದ ಬಟ್ಟೆಯ ಮೇಲೆ ಒಂದು ಹನಿ ನೀರೂ ಬೀಳಿಸಿದವಳಲ್ಲ. ಮೇಲಿನ ಶೀಟು ತೆಗೆದು, ಎರಡು ಕೈ ಅಗಲಿಸಿ ಒಮ್ಮೆ ಕೊಡವಿದಳು. ರಸ್ತೆಯ ಮಣ್ಣಿನ ಮೇಲೆ, ಪೆಟ್ಟಿಗೆಯ ಬಾಗಿಲವರೆಗೆ ಅದನ್ನು ಹಾಸಿ, ಮಂಡಿಯೂರಿ ಅಂಗೈಯಿಂದ ಸುಕ್ಕು ಸವರಿದಳು.

“ಕೊಡವು ಅಣ್ಣ,” ಎಂದಳು.

ಇವರು ತಂಗಿಯ ಮುಖ ನೋಡಿದರು, ಶೀಟು ನೋಡಿದರು, ಕೊಂಬೆಗೆ ಕೈ ಹಾಕಿ ಜೋರಾಗಿ ಒಮ್ಮೆ ಕೊಡವಿದರು. ಗೊಂಚಲು ಮೂಟೆಯ ಬಾಯಿಂದ ಕಾಳು ಸುರಿದ ಹಾಗೆ ಶೀಟಿನ ಮೇಲೆ ಬಿತ್ತು. ಒಂದು ಗಳಿಗೆ ಎಲ್ಲ ಗೊಂದಲ. ಆಮೇಲೆ ಬಾಗಿಲ ಹತ್ತಿರದ ಕೆಲವು ಒಳಗೆ ಇಣುಕಿದವು, ಬಾಲ ಎತ್ತಿ ರೆಕ್ಕೆ ಬೀಸಿದವು. ಉಳಿದವು ಅತ್ತ ತಿರುಗಿದವು. ಅಷ್ಟೂ ಹುಳ ಬೆಳ್ಳನೆಯ ಶೀಟಿನ ಮೇಲೆ, ಒಂದೇ ದಿಕ್ಕಿಗೆ ನಡೆಯತೊಡಗಿದವು. ನಾದಿನಿ ಮೂಗು ಶೀಟಿಗೆ ತಾಗುವಷ್ಟು ಬಾಗಿದ್ದಳು. ನಡೀರಿ, ನಡೀರಿ ತಾಯಂದಿರೇ, ಇಸ್ತ್ರಿ ಮಾಡಿಟ್ಟಿದೀನಿ, ಜಾರಲ್ಲ, ನಡೀರಿ ಎಂದು ಪಿಸುಗುಟ್ಟುತ್ತಿದ್ದಳು. ರಾಣಿಯನ್ನು ಮೊದಲು ಕಂಡವಳೂ ಅವಳೇ. ಉದ್ದನೆಯ ಮೈ, ಸುತ್ತ ಪರಿವಾರ. ಬೆರಳು ತೋರಿಸಿದಳು. ಇವರು ಹೌದು ಎಂದು ತಲೆಯಾಡಿಸಿದರು. ಅಣ್ಣ ತಂಗಿ ಇಬ್ಬರೂ ರಸ್ತೆಯಲ್ಲಿ ಮಕ್ಕಳ ಹಾಗೆ ಮಂಡಿಯೂರಿಕೊಂಡು ರಾಣಿ ಬಾಗಿಲು ದಾಟುವುದನ್ನು ನೋಡಿದರು.

ಆ ಶೀಟು ಏನಾಯಿತು ಎಂದು ಕೇಳುತ್ತೀರಿ. ಮ್ಯಾನೇಜರಿಗೆ ಅವಳು ಹೊಸ ಶೀಟು ಕೊಟ್ಟಳು. ರಸ್ತೆಗೆ ಹಾಸಿದ್ದನ್ನು ತಾನು ಇಟ್ಟುಕೊಂಡಳು, ಮುಂದಿನ ವರ್ಷಕ್ಕೆ ಬೇಕಾಗುತ್ತದೆ ಎಂದು. ನನ್ನ ಹೊದಿಕೆಗೆ ಕೊನೆಗೂ ಬಿಡುಗಡೆ.

ಒಂದು ಪೆಟ್ಟಿಗೆಯಿಂದ ಲೋಕ ಉದ್ಧಾರವಾಗುವುದಿಲ್ಲ. ಇವರೇ ಹೇಳುತ್ತಾರೆ, ಈ ಸಂಸಾರ ಎಷ್ಟು ದಿನ ನಿಲ್ಲುತ್ತದೋ ಗೊತ್ತಿಲ್ಲ ಎಂದು. ಆದರೆ ಪೆಟ್ಟಿಗೆ ಅದರ ಹಳೆಯ ಜಾಗದಲ್ಲೇ ಕೂತಿತು. ಕುಂಬಳದ ಹೂವಿನೊಳಗೆ ಹುಳ ಹೊರಳಾಡುವುದನ್ನು ನೋಡಿ ನಾನು ಬ್ರಷ್ಷನ್ನು ಕಸದ ಬುಟ್ಟಿಗೆ ಎಸೆದೆ. ಇವರು ಮತ್ತೆ ತಾರಸಿಗೆ ಹೋಗಿ ಬರತೊಡಗಿದರು. ಮಾತು ಮಾತ್ರ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಉಹೂಂ.

ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ನಿಂತಿದ್ದೆ. ಮೇಲಿನಿಂದ ಬಂತು, ಇಡೀ ಬೀದಿ ನಡುಗುವ ಹಾಗೆ.

“ಅಣ್ಣಾ, ಆಸ್ಪತ್ರೆ ಶೀಟು ಕಣೋ, ಈಗ ತಾನೇ ಹಾಕಿದೀನಿ, ನಿನ್ನ ಮಕ್ಕಳಿಗೆ ಬೇರೆ ಜಾಗ ಸಿಗಲಿಲ್ವ?”

ಇವರು ಮೇಲೆಯೇ ಇದ್ದರು. ನಾನು ಸೌಟು ಹಿಡಿದು ಹಾಗೇ ನಿಂತೆ. ಬೀದಿಯ ತುದಿಯಲ್ಲಿ ಬೇಕರಿಯವನೂ ಬಾಗಿಲಿಗೆ ಬಂದು ನಿಂತಿದ್ದನಂತೆ.

“ನನ್ನ ಮಕ್ಕಳ ದಾರೀಲಿ,” ಎಂದು ಶುರುವಾಯಿತು, ನಡುವೆ ನಿಂತಿತು, ಮತ್ತೆ ಜೋರಾಗಿ ಬಂತು, “ಬಟ್ಟೆ ಒಣಗಿಹಾಕು ಅಂತ ನಿನಗ್ಯಾರು ಹೇಳಿದ್ರು?”

ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಾನು ಆರಿಸಲು ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತು ಪೂರ್ತಿ ಜಗಳ ಕೇಳಿದೆ.